ಪಾಲು ಕೇಳಿದ ದೊಡ್ಡಪ್ಪ

ಮೊನ್ನೆ ಭಾನುವಾರ ಬೆಳಿಗ್ಗೆ ಮಗಳು ಸ್ಕೂಟರಿನ ಸೀಟು ತೊಳೆಯುತ್ತಿದ್ದಳು. ಹಿಂದಿನ ದಿನ ಮದ್ದೂರಿಗೆ ಹೋದವಳು ಕೆರೆ ಏರಿಯ ಮೇಲೆ ಯಾವುದೋ ಮರದ ನೆರಳಿಗೆ ಗಾಡಿ ನಿಲ್ಲಿಸಿದ್ದಳಂತೆ; ಸೀಟಿನ ತುಂಬ ಹಕ್ಕಿ ಹಿಕ್ಕೆ. ನೀರು ಬಿದ್ದದ್ದೇ ತಡ, ಒಣಗಿದ್ದ ಹಿಕ್ಕೆ ನೆನೆದು ವಾಸನೆ ಎದ್ದಿತು. ಕೊಳೆತ ಮೀನಿಗೆ ಸುಣ್ಣ ಕಲಸಿದಂಥ ವಾಸನೆ. ಬಾಗಿಲ ಮೆಟ್ಟಿಲ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ದೊಡ್ಡಮ್ಮ ಮುಖವನ್ನು ಅತ್ತ ತಿರುಗಿಸಿದರು.

"ಕೊಕ್ಕರೆ ಇಕ್ಕೆ ಕಣವ್ವ," ಎಂದರು.

ಈ ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ನನ್ನ ತವರಿನ ಎದುರು ಮನೆಯವರು. ಕಣ್ಣಿನ ಪೊರೆ ತೆಗೆಸಲು ಮಂಡ್ಯಕ್ಕೆ ಬಂದವರನ್ನು ಒಂದು ವಾರ ಇದ್ದು ಹೋಗಿ ಎಂದು ನಮ್ಮ ಮನೆಯಲ್ಲೇ ಉಳಿಸಿಕೊಂಡಿದ್ದೆ. ಆ ವಾಸನೆಗೆ ನನಗೆ ಹೊಟ್ಟೆ ತೊಳೆಸಿತು. ಇಪ್ಪತ್ತಮೂರು ವರ್ಷದ ಹಿಂದೆಯೂ ಹೀಗೇ ತೊಳೆಸುತ್ತಿತ್ತು. ಆಗ, ಈಗ ಸೀಟು ಉಜ್ಜುತ್ತಿರುವ ಇವಳು ನನ್ನ ಹೊಟ್ಟೆಯಲ್ಲಿದ್ದಳು. ಮತ್ತು ಎದುರು ಮನೆಯಲ್ಲಿ ದೊಡ್ಡಪ್ಪ ಇದ್ದರು...

ನಮ್ಮೂರು ಕೊಕ್ಕರೆ ಬೆಳ್ಳೂರಿನಿಂದ ಆಚೆಗೆ, ಹೊಲದ ದಾರಿ ಹಿಡಿದರೆ ಮುಕ್ಕಾಲು ಗಂಟೆ. ಬೆಳ್ಳೂರಿಗೆ ಹೆಸರಿದೆ, ಕ್ಯಾಮೆರಾ ನೇತುಹಾಕಿಕೊಂಡವರು ಬರುತ್ತಾರೆ. ಅಲ್ಲಿ ಜಾಗ ಸಾಲದ ಹಕ್ಕಿಗಳು ನಮ್ಮೂರಿಗೆ ಬರುತ್ತಿದ್ದವು. ನಮಗೆ ಹೆಸರೂ ಇಲ್ಲ, ಕ್ಯಾಮೆರಾದವರೂ ಇಲ್ಲ, ಹಿಕ್ಕೆ ಮಾತ್ರ ಧಾರಾಳ. ಸಂಕ್ರಾಂತಿಯ ಆಸುಪಾಸಿಗೆ ಬಣ್ಣದ ಕೊಕ್ಕರೆಗಳು ಜೋಡಿ ಜೋಡಿಯಾಗಿ ಬಂದಿಳಿದು ಗೂಡು ಕಟ್ಟುತ್ತಿದ್ದವು. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದವು ಎನ್ನುತ್ತಿದ್ದರು ಊರಿನವರು. ಹಾಗೆ ಅಂದುಬಿಟ್ಟ ಮೇಲೆ ಮುಗಿಯಿತು, ಕಲ್ಲು ಬೀರುವ ಹಾಗಿಲ್ಲ, ಗೂಡು ಕೆಡಿಸುವ ಹಾಗಿಲ್ಲ, ಅಂಗಳದಲ್ಲಿ ಒಣಹಾಕಿದ ರಾಗಿಯ ಮೇಲೆ ಉದುರಿಸಿದರೂ ಬೈಯುವ ಹಾಗಿಲ್ಲ. ನಮ್ಮವ್ವ ಬೈಯುತ್ತಿದ್ದಳು, ಅದು ಬೇರೆ ಮಾತು.

ನಮ್ಮ ಮನೆಗೂ ಎದುರು ಮನೆಗೂ ನಡುವೆ ಒಂದು ಹುಣಸೆಮರವಿತ್ತು. ಬುಡ ದೊಡ್ಡಪ್ಪನದು, ಕೊಂಬೆಗಳಲ್ಲಿ ಅರ್ಧ ನಮ್ಮ ಮನೆಯ ಮೇಲೆ. ವರ್ಷಕ್ಕೆ ಹತ್ತು ಹನ್ನೆರಡು ಗೂಡುಗಳಾದರೂ ಅದರಲ್ಲಿ ಇರುತ್ತಿದ್ದವು. ಮಳೆಗಾಲಕ್ಕೆ ಮೊದಲು ಕೊನೆಯ ಮರಿಯೂ ಹಾರಿಹೋದ ಮೇಲೆ ದೊಡ್ಡಪ್ಪ ಮೊರದಲ್ಲಿ ಅಕ್ಕಿ, ಒಂದಚ್ಚು ಬೆಲ್ಲ, ಎಲೆ ಅಡಿಕೆ ಇಟ್ಟುಕೊಂಡು ಬಂದು ಮರದ ಬುಡಕ್ಕೆ ಸುರಿಯುತ್ತಿದ್ದರು. ತವರಿನಿಂದ ಹೊರಟ ಹೆಣ್ಣಿಗೆ ಮಡಿಲಕ್ಕಿ ಹಾಕುವುದಿಲ್ಲವೆ, ಹಾಗೆ. ಊರಿನಲ್ಲಿ ಬೇರೆ ಯಾರೂ ಇದನ್ನು ಮಾಡುತ್ತಿರಲಿಲ್ಲ. ಆ ಅಕ್ಕಿಯನ್ನು ತಿನ್ನುತ್ತಿದ್ದದ್ದು ನಮ್ಮ ಮನೆಯ ಕೋಳಿಗಳು. ಹಕ್ಕಿಗಳು ಹೋದ ಮೇಲೆ ಹಾಕಿದರೆ ಏನು ಬಂತು, ಇರುವಾಗಲೇ ಹಾಕಬಾರದಾ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

"ಇರುವಾಗ ಆಕುದ್ರೆ ಓಗಿ ಅಂತ ಅಟ್ಟಿದಂಗೆ ಆಯ್ತದೆ ಕಣವ್ವ," ಎಂದಿದ್ದರು.

ದೊಡ್ಡಪ್ಪ ಕಬ್ಬು, ರಾಗಿ ಬೆಳೆಯುತ್ತಿದ್ದ ರೈತರು. ಆದರೆ ಮಳವಳ್ಳಿಯವರೆಗೂ ಜನ ಅವರನ್ನು ಗುರುತಿಸುತ್ತಿದ್ದದ್ದು ಋಷಿ ಪಾರ್ಟಿನವರು ಎಂದು. ನಮ್ಮೂರಿನವರು ಎರಡು ವರ್ಷಕ್ಕೊಮ್ಮೆ ಆಡುತ್ತಿದ್ದದ್ದು ಒಂದೇ ನಾಟಕ, ಅದರಲ್ಲಿ ಮುಖ್ಯ ಪಾತ್ರ ಯಾವಾಗಲೂ ಅವರದೇ. ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಡಿನಲ್ಲಿ ದಾರಿಹೋಕರನ್ನು ಹೊಡೆದು ದೋಚುವ ಒಬ್ಬ ಬೇಡ. ಅವನ ಕೈಗೆ ಸಿಕ್ಕಿಬಿದ್ದ ಮುನಿಯೊಬ್ಬ ಕೇಳುತ್ತಾನೆ: ಯಾರನ್ನು ಸಾಕುವುದಕ್ಕೆ ಇದನ್ನೆಲ್ಲ ಮಾಡುತ್ತೀಯೋ ಅವರು ನಿನ್ನ ಪಾಪದಲ್ಲೂ ಪಾಲು ತೆಗೆದುಕೊಳ್ಳುತ್ತಾರಾ, ಹೋಗಿ ಕೇಳಿಕೊಂಡು ಬಾ. ಬೇಡ ಮನೆಗೆ ಓಡಿ ಕೇಳುತ್ತಾನೆ. ಹೆಂಡತಿ ಒಲ್ಲೆ ಅನ್ನುತ್ತಾಳೆ, ಮಕ್ಕಳು ಒಲ್ಲೆವು ಅನ್ನುತ್ತಾರೆ. ತಂದುಹಾಕುವುದು ನಿನ್ನ ಕೆಲಸ, ಹೇಗೆ ತಂದೆ ಎಂದು ನಾವು ಕೇಳಿದ್ದೆವಾ? ಅವನು ಆಯುಧ ಬಿಸಾಕಿ ಕಣ್ಣು ಮುಚ್ಚಿ ಕೂತುಬಿಡುತ್ತಾನೆ, ಮೈಮೇಲೆ ಹುತ್ತ ಬೆಳೆದರೂ ಏಳುವುದಿಲ್ಲ. ಹುತ್ತ ಒಡೆದು ಎದ್ದು ಬಂದವನು ಋಷಿ. ಆ ಋಷಿ ಒಂದು ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದಾಗ, ಜೋಡಿಯಾಗಿ ಕೂತಿದ್ದ ಹಕ್ಕಿಗಳಲ್ಲಿ ಒಂದನ್ನು ಬೇಟೆಗಾರ ಹೊಡೆದು ಕೆಡವುತ್ತಾನೆ. ಉಳಿದ ಹಕ್ಕಿಯ ಗೋಳಿಗೆ ಋಷಿಯ ಬಾಯಿಂದ ಶಾಪ ಹೊರಡುತ್ತದೆ. ಹೊರಟ ಶಾಪವೇ ಪದ್ಯವಾಗಿಬಿಟ್ಟಿರುತ್ತದೆ. ಅಲ್ಲಿಂದ ಅವನು ಕವಿ.

ಹುತ್ತದ ಸೀನಿಗೆ ದೊಡ್ಡಪ್ಪ ಗೋಣಿಚೀಲಗಳನ್ನು ಹೊಲಿಸಿ, ಮೇಲೆ ಕೆಮ್ಮಣ್ಣು ಮೆತ್ತಿಸಿ, ಅದರೊಳಗೆ ಕೂರುತ್ತಿದ್ದರು. ಹೊರಗೆ ಬರುವಾಗ ಬೆವರಿ ನೀರಾಗಿರುತ್ತಿದ್ದರು, ಗಡ್ಡದ ಅಂಟು ಬಿಟ್ಟಿರುತ್ತಿತ್ತು, ಆದರೂ ಯಾರೂ ನಗುತ್ತಿರಲಿಲ್ಲ. ಪಾಲು ಕೇಳುವ ಸೀನಿನಲ್ಲಂತೂ ಅವರು ರಂಗದ ಮೇಲಿನ ಹೆಂಡತಿಯನ್ನು ಬಿಟ್ಟು ಕೆಳಗೆ ಕೂತ ನಮ್ಮನ್ನು ನೋಡುತ್ತ ಕೇಳುತ್ತಿದ್ದರು. ಹೆಂಗಸರು ಸೆರಗಿನ ತುದಿ ನೋಡಿಕೊಳ್ಳುತ್ತಿದ್ದರು. ನಾನೂ ತಲೆ ತಗ್ಗಿಸಿದ್ದೇನೆ, ಆ ವಯಸ್ಸಿನಲ್ಲಿ ಏನು ಪಾಪ ಮಾಡಿದ್ದೆನೋ...

ಆ ವರ್ಷ ನಾನು ಮಳವಳ್ಳಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಎಲ್ಲರಿಗೂ ಐದು ತಿಂಗಳಿಗೆ ನಿಲ್ಲುವ ವಾಂತಿ ನನಗೆ ಒಂಬತ್ತಾದರೂ ನಿಲ್ಲಲಿಲ್ಲ. ನನಗೆ ಕೊಟ್ಟಿದ್ದ ಕೋಣೆಯ ಕಿಟಕಿಯ ನೇರಕ್ಕೆ ಮೇಲೆ ಹುಣಸೆಯ ಕೊಂಬೆ, ಕೊಂಬೆಯ ತುಂಬ ಗೂಡು. ತಿಂದದ್ದು ಉಳಿಯುತ್ತಿರಲಿಲ್ಲ. ಈ ಮರ ಯಾವತ್ತು ಕಡಿಸುತ್ತಾರೋ ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದೆ. ದೊಡ್ಡಪ್ಪನ ಮಕ್ಕಳಿಗೂ ಅದೇ ಬೇಕಿತ್ತು. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಬೇಕು, ಪಾಯ ತೆಗೆಯುವುದಕ್ಕೆ ಮರ ಅಡ್ಡ. ಹೆಣ್ಣುಮಕ್ಕಳು ಬಂದಿದ್ದಾವೆ, ಹೋಗಲಿ ಎಂದು ದೊಡ್ಡಪ್ಪ ಮೂರು ವರ್ಷ ತಳ್ಳಿದ್ದರು. ಆ ಸಲ ಒಪ್ಪಿದ್ದರು, ಗೂಡುಗಳೆಲ್ಲ ಖಾಲಿಯಾದ ಮೇಲೆ ಎನ್ನುವ ಮಾತಿನ ಮೇಲೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಮದ್ದೂರಿನಿಂದ ಮರ ಕೊಯ್ಯುವವರು ಗರಗಸ, ಹಗ್ಗ ತಂದರು. ದೊಡ್ಡಪ್ಪ ನಮ್ಮ ಜಗಲಿಗೆ ಬಂದು ನಿಂತರು. ಆಗಲೇ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು, ಕಿವಿ ಅದಕ್ಕೂ ಮೊದಲೇ ಮಂದವಾಗಿತ್ತು.

"ಮ್ಯಾಲೆ ಯಾವಾರ ಇನ್ನೂ ಅವಾ, ನೋಡಿ ಏಳವ್ವ. ನಂಗೆ ಕಾಣದೂ ಇಲ್ಲ, ಕೇಳದೂ ಇಲ್ಲ. ನಿನ್ ಕಿಟಕಿ ಮ್ಯಾಗಲ್ವಾ ಕೊಂಬೆ."

"ಒಂದೂ ಇಲ್ಲ ದೊಡ್ಡಪ್ಪ, ಎಲ್ಲಾ ಹೋದ್ವು," ಎಂದೆ.

ಅವತ್ತು ಬೆಳಗಿನ ಜಾವ ನನಗೆ ಎಚ್ಚರವಾಗಿದ್ದೇ ಮರಿಗಳ ಸದ್ದಿಗೆ. ದೊಡ್ಡ ಕೊಕ್ಕರೆಗೆ ದನಿಯಿಲ್ಲ, ಕೊಕ್ಕು ಕಟಕಟ ಅನ್ನಿಸುತ್ತದೆ ಅಷ್ಟೆ. ಕೂಗುವುದು ಮರಿಗಳು, ಹಸಿದಾಗ. ಹಿಂಡೆಲ್ಲ ಹೋದ ಮೇಲೂ ಒಂದು ಗೂಡು ತಡವಾಗಿ ಮರಿ ಮಾಡಿತ್ತು. ಅದು ನನಗೆ ಕೇಳಿಸಿತ್ತು. ಕೇಳಿಸಿರಲಿಲ್ಲ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ಇದೆ ಅಂದರೆ ಮರ ಕೊಯ್ಯುವವರು ವಾಪಸು ಹೋಗುತ್ತಾರೆ. ಆಮೇಲೆ ಮಳೆ ಹಿಡಿಯುತ್ತದೆ, ಮತ್ತೆ ಸಂಕ್ರಾಂತಿ, ಮತ್ತೆ ಹಿಕ್ಕೆ, ನನ್ನ ಕೂಸು ಈ ವಾಸನೆಯಲ್ಲಿ ಮಲಗಬೇಕು. ಮರಿಗಳು ಬಲಿತಿರುತ್ತವೆ, ಕೊಂಬೆ ಅಲುಗಿದರೆ ಹಾರಿಕೊಳ್ಳುತ್ತವೆ ಎಂದೂ ಅಂದುಕೊಂಡೆ. ಸುಳ್ಳು ಹೇಳುವಾಗ ಮನುಷ್ಯನಿಗೆ ನೆಪಕ್ಕೆ ಬರವಿಲ್ಲ.

"ಬಸ್ರಿ ಹೆಣ್ಮಗ ಏಳ್ತದೆ ಅಂದ್ಮೇಲೆ ಇನ್ನೇನು," ಎಂದು ದೊಡ್ಡಪ್ಪ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಬೆಲ್ಲ ತಂದರು. ಬುಡಕ್ಕೆ ಸುರಿದು ಕೈ ಮುಗಿದರು. ಗೂಡಿನಲ್ಲಿ ಮರಿಗಳಿರುವಾಗಲೇ ಮಡಿಲಕ್ಕಿ ಹಾಕಿದರು. ನಾನು ಜಗಲಿಯ ಕಂಬ ಹಿಡಿದು ನೋಡುತ್ತ ನಿಂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮರ ಉರುಳಿತು. ಗೂಡಿನಲ್ಲಿ ಮೂರು ಮರಿಗಳಿದ್ದವು. ಎರಡು ಅಲ್ಲೇ ಸತ್ತವು, ಇನ್ನೊಂದರ ಕಾಲು ಮುರಿದು ನೇತಾಡುತ್ತಿತ್ತು. ಅಷ್ಟರಲ್ಲಿ ತಾಯಿ ಕೊಕ್ಕರೆ ಬಂತು. ಮರವಿದ್ದ ಜಾಗದ ಮೇಲೆ ಸುತ್ತಿ ಸುತ್ತಿ ಕೊನೆಗೆ ನಮ್ಮ ತಾರಸಿಯ ಕಟ್ಟೆಯ ಮೇಲೆ ಇಳಿದು, ನುಂಗಿ ತಂದಿದ್ದ ಮೀನನ್ನು ಅಲ್ಲೇ ಕಕ್ಕಿತು. ಯಾರಿಗೆ ತಿನ್ನಿಸಲಿ ಎಂದು ಗೊತ್ತಾಗದೆ ನಿಂತೇ ಇತ್ತು. ಮೂರು ದಿನ ಹಾಗೆಯೇ ಹೋಗಿ ಬಂದು ಮಾಡಿತು. ಆ ಮೂರು ದಿನ ನಾನು ಕಿಟಕಿ ತೆಗೆಯಲಿಲ್ಲ.

ದೊಡ್ಡಪ್ಪ ಸತ್ತ ಮರಿಗಳನ್ನು ಪಂಚೆಯಲ್ಲಿ ಸುತ್ತಿ ಮಣ್ಣು ಮಾಡಿದರು. ಉಳಿದ ಮರಿಗೆ ಬಿದಿರಿನ ಸೀಳು ಕಟ್ಟಿ, ಕೆರೆಯಿಂದ ಚಿಕ್ಕ ಮೀನು ತರಿಸಿ, ಕೊಕ್ಕು ಬಿಡಿಸಿ ತಿನ್ನಿಸಿದರು. ಎಂಟು ದಿನ ಇತ್ತು ಅದು. ಒಂಬತ್ತನೆಯ ದಿನ ಬೆಳಿಗ್ಗೆ ಬುಟ್ಟಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಅದರ ಪಕ್ಕ ಕೂತರು. ಆ ಕೂತ ರೀತಿ ಇವತ್ತಿಗೂ ನನ್ನ ಕಣ್ಣಮುಂದಿದೆ.

ಮರ ಬಿದ್ದ ಸಾಯಂಕಾಲವೇ ಅವರ ಅಂಗಳದಲ್ಲಿ ನಡೆದದ್ದು ನಮ್ಮ ಜಗಲಿಗೆ ಕೇಳಿಸಿತ್ತು. ದೊಡ್ಡಮ್ಮನನ್ನೂ ಇಬ್ಬರು ಗಂಡುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಅವರು ಕೇಳಿದರು: "ಮರ ಕಡ್ಸು ಕಡ್ಸು ಅಂತ ನೀವೂ ಅಂದ್ರಿ. ಈಗ ಎರಡು ಜೀವ ಓದ್ವು. ಇದ್ರಲ್ಲಿ ನೀವೂ ಪಾಲು ತಕತಿರಾ?"

ಮಕ್ಕಳು ಗೊಳ್ಳೆಂದು ನಕ್ಕರು. ಅಪ್ಪ ನಾಟಕದ ಮಾತು ಒಪ್ಪಿಸುತ್ತಿದ್ದಾನೆ ಅಂದುಕೊಂಡಿದ್ದರು. ಮೂವತ್ತು ವರ್ಷ ಅದೇ ಪ್ರಶ್ನೆಯನ್ನು ಗಡ್ಡ ಹಾಕಿಕೊಂಡು ಕೇಳಿದ ಮನುಷ್ಯ, ಗಡ್ಡವಿಲ್ಲದೆ ಕೇಳಿದರೆ ಯಾರು ನಂಬುತ್ತಾರೆ? ಇದು ನಾಟಕವಲ್ಲ ಎಂದು ಗೊತ್ತಾದ ಮೇಲೆ ದೊಡ್ಡಮಗ, "ಮರ ನಿಂದು, ಕಡ್ಸಿದ್ದೂ ನೀನು. ನಮ್ಗ್ಯಾಕಪ್ಪ?" ಎಂದು ಎದ್ದು ಹೋದ. "ನಾನ್ಯಾಕ್ ತಕಳ್ಳಿ?" ಎಂದು ದೊಡ್ಡಮ್ಮ ಒಲೆಯ ಮುಂದಕ್ಕೆ ಹೋದರು. ಮಾರನೆಯ ದಿನ ದೊಡ್ಡಪ್ಪ ನಮ್ಮಪ್ಪನನ್ನು ಕೇಳಿದರು. ನಮ್ಮಪ್ಪ ಬೀಡಿ ಕಚ್ಚಿಕೊಂಡು, "ಬುಡಣ್ಣ, ಕೊಕ್ಕರೆ ಮರಿ ತಾನೆ?" ಎಂದ. ಮರ ಕೊಯ್ದವರನ್ನೂ ಕೇಳಿದರಂತೆ. ಅವರು ಕೂಲಿಯವರು, ಅವರೇನು ಹೇಳಿಯಾರು?

ಎಲ್ಲರನ್ನೂ ಕೇಳಿದರು. ನನ್ನೊಬ್ಬಳನ್ನು ಕೇಳಲಿಲ್ಲ. ನನ್ನ ಮೇಲೆ ಅನುಮಾನ ಬಂದಿಲ್ಲ, ಬದುಕಿದೆ ಅಂದುಕೊಂಡೆ. ನಾಳೆ ನಾನೇ ಹೋಗಿ ಹೇಳಿಬಿಡುತ್ತೇನೆ ಎಂದೂ ಅಂದುಕೊಂಡೆ. ನಾಳೆ, ಹೆರಿಗೆ ಆದ ಮೇಲೆ, ಮಗುವಿಗೆ ಹೆಸರಿಟ್ಟ ಮೇಲೆ... ಹೀಗೇ ಮುಂದಕ್ಕೆ ಹೋಯಿತು.

ಮಗಳು ಹುಟ್ಟಿದಳು. ಅವಳನ್ನು ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದಕ್ಕೆ ದೊಡ್ಡಪ್ಪನನ್ನೇ ಕರೆಯಬೇಕೆಂದು ನಮ್ಮಪ್ಪನಿಗೆ ಆಸೆ. ಕೇರಿಯ ಮಕ್ಕಳಿಗೆಲ್ಲ ಹೆಸರು ಊದಿದ್ದು ಅವರೇ, ಅಂಥ ಕಂಠ. ಬಂದರು, ಹೊಸಲಿನ ಆಚೆಗೇ ನಿಂತರು.

"ಬ್ಯಾಡ ಕಣಪ್ಪ, ನನ್ ಬಾಯಲ್ಲಿ ಕೂಸಿನ್ ಎಸ್ರು ಬ್ಯಾಡ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿದ್ದೆ ಮಾಡ್ತದೇನವ್ವ?" ಎಂದು ಕೇಳಿದರು.

"ಮಾಡ್ತದೆ ದೊಡ್ಡಪ್ಪ," ಎಂದೆ. ಬಾಯಿಗೆ ಬಂದದ್ದು ಬೇರೆ. ಮನೆ ತುಂಬ ನೆಂಟರಿದ್ದರು, ಅತ್ತೆ ಮಾವ ಇದ್ದರು, ಮಡಿಲಲ್ಲಿ ಮಗು ಇತ್ತು. ನುಂಗಿಕೊಂಡೆ. ಅವರು ಊಟಕ್ಕೂ ನಿಲ್ಲದೆ ಹೋದರು.

ಆಷಾಢ ಕಳೆಯುವ ಹೊತ್ತಿಗೆ ನಾಟಕದ ಅಭ್ಯಾಸ ಶುರುವಾಯಿತು. ಮಳವಳ್ಳಿಯಿಂದ ಹಾರ್ಮೋನಿಯಂ ಮೇಷ್ಟ್ರು ಭಾನುವಾರ ಮಧ್ಯಾಹ್ನ ಬಂದು, ಹಿಂದಿನ ಬೀದಿಯ ಗುಡಿಯ ಜಗಲಿಯಲ್ಲಿ ಹೇಳಿಕೊಡುತ್ತಿದ್ದರು. ನಡುವೆ ಮರವಿಲ್ಲದ್ದರಿಂದ ಬಾಣಂತಿ ಕೋಣೆಗೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಕ್ಕಿ ಬೀಳುವ ಸೀನು ಬಂತು. ಹಾರ್ಮೋನಿಯಂ ಏರಿತು, ದೊಡ್ಡಪ್ಪ ದನಿ ಎತ್ತಿದರು, ನಿಲ್ಲಿಸಿದರು. ಮೇಷ್ಟ್ರು ಮತ್ತೆ ಮೊದಲಿಂದ ನುಡಿಸಿದರು. ಮತ್ತೆ ಎತ್ತಿದರು, ಮತ್ತೆ ನಿಂತಿತು. ಕೊಂದವನಿಗೆ ಯಾವತ್ತೂ ನೆಮ್ಮದಿ ಸಿಗದಿರಲಿ ಎಂದು ಶಪಿಸುವ ಸಾಲು ಅದು. ಮೂರನೆಯ ಸಲವೂ ಬಾಯಿ ಬರಲಿಲ್ಲ.

"ಮರ್ತೋಯ್ತಾ ಯಜಮಾನ್ರೆ?" ಎಂದರು ಮೇಷ್ಟ್ರು.

"ಮರ್ತಿಲ್ಲ ಮೇಷ್ಟ್ರೆ. ಯಾರ್ಗೆ ಅಂತ ಏಳ್ಲಿ? ಒಡ್ದೋನೂ ನಾನೇ, ಸಾಪ ಕೊಡೋನೂ ನಾನೇಯಾ?"

ಹಾರ್ಮೋನಿಯಂ ಮುಚ್ಚಿದ ಸದ್ದಾಯಿತು. ಮುಂದಿನ ಭಾನುವಾರಕ್ಕೆ ಋಷಿ ಪಾತ್ರ ಬೇರೆಯವರದಾಗಿತ್ತು. ದೊಡ್ಡಪ್ಪ ಗಡ್ಡ, ಜಟೆ, ಕಮಂಡಲ ಎಲ್ಲವನ್ನೂ ತಾವೇ ತೆಗೆದುಕೊಂಡು ಹೋಗಿ ಕೊಟ್ಟು ಬಂದರಂತೆ. ಬಾಗಿಲು ಹಾಕಿಕೊಂಡು ನಾನು ಅತ್ತೆ. ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಎಂದು ನಮ್ಮವ್ವ ಗದರಿಸಿದಳು. ಗಂಡನ ನೆನಪಾಗಿದೆ ಅಂದುಕೊಂಡಿರಬೇಕು.

ಆಮೇಲೆ ದೊಡ್ಡಪ್ಪ ಋಷಿಯ ಪಾರ್ಟು ಮಾಡಲೇ ಇಲ್ಲ. ಮನೆ ಎದ್ದಿತು, ಗೃಹಪ್ರವೇಶ ಆಯಿತು. ಮುಂದಿನ ಸಂಕ್ರಾಂತಿಗೆ ಕೊಕ್ಕರೆಗಳು ಬಂದು, ನಮ್ಮ ಬೀದಿಯ ಮೇಲೆ ಒಂದು ಸುತ್ತು ಹಾಕಿ, ಬೇರೆ ಕಡೆ ಹೋದವು. ಅದರ ಮುಂದಿನ ವರ್ಷ ಸುತ್ತು ಹಾಕುವುದಕ್ಕೂ ಬರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಅವರು ಹೊಸ ಮನೆಯ ಮುಂದೆ ಬಿಸಿಲಿಗೆ ಕೂತಿರುತ್ತಿದ್ದರು. ಮಾತು ಕಮ್ಮಿ. ಮಕ್ಕಳು ಬಲವಂತ ಮಾಡಿದರೂ ಕಣ್ಣಿನ ಆಪರೇಷನ್ನಿಗೆ ಒಪ್ಪಲಿಲ್ಲ, ನೋಡಿದ್ದು ಸಾಕು ಅನ್ನುತ್ತಿದ್ದರಂತೆ. ನನ್ನ ಮಗಳ ತಲೆ ಸವರಿ ಯಾವ ಕ್ಲಾಸು ಎಂದು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಒಂದು ಮಾತು, ಕಿವಿಯ ಹತ್ತಿರ ಬಗ್ಗಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೇಳಿದರೆ ಹೇಳೋಣ, ಅವರಾಗಿ ಕೇಳಲಿಲ್ಲವಲ್ಲ ಎಂದು ಬಸ್ಸು ಹತ್ತಿಬಿಡುತ್ತಿದ್ದೆ. ಮೂರು ವರ್ಷದ ಹಿಂದೆ ಫೋನು ಬಂತು. ಮಂಡ್ಯದಿಂದ ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಮೊನ್ನೆ ಭಾನುವಾರ ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡಮ್ಮ ಮತ್ತೆ ಮಾತು ತೆಗೆದರು. "ಮರಿ ಸದ್ದು ಅವತ್ತು ನಂಗೂ ಕೇಳ್ಸಿತ್ತು ಕಣವ್ವ."

ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

"ಮನೆ ಆದ್ರೆ ಸಾಕಾಗಿತ್ತು ನಂಗೆ. ಬಾಯ್ ಬುಡ್ನಿಲ್ಲ. ಅವ್ರು ಪಾಲು ಕೇಳುದ್ರೆ ನಾನ್ಯಾಕ್ ತಕಳ್ಳಿ ಅಂದ್ಬುಟ್ಟೆ. ಸಾಯಕ್ ಮುಂಚೆ, ಆಸಿಗೆ ಇಡ್ದಿದ್ರಲ್ಲ, ಆಗ ಏಳ್ದೆ, ನಂದೂ ಪಾಲದೆ ಅಂತ. ಏನಂದ್ರು ಗೊತ್ತಾ? ಈಗ ಕೊಡಕ್ಕೆ ಏನದೆ, ಎಲ್ಲಾ ನಾನೇ ಉಂಡ್ ಮುಗ್ಸಿವ್ನಿ ಅಂದ್ರು."

"ದೊಡ್ಡಮ್ಮ, ಅವತ್ತ್ ನಾನೂ..." ಎಂದೆ.

"ಗೊತ್ತಿತ್ತು ಬುಡವ್ವ ಅವ್ರಿಗೆ. ಕೊನೇ ಮರೀನೂ ಮಣ್ ಮಾಡಿ ಬಂದು ನನ್ ತಾವ ಅಂದ್ರು, ಆ ಮಗೀಗೆ ಕಿಟಕಿ ಮ್ಯಾಗಿನ ಸದ್ದು ಕೇಳ್ದೆ ಇದ್ದದಾ ಅಂತ. ಓಗಿ ಕೇಳಿ ಮತ್ತೆ, ಎಲ್ರುನೂ ಕೇಳ್ತಿದ್ದೀರಲ್ಲ ಅಂದೆ. ಬ್ಯಾಡ ಕಣೆ, ತುಂಬ್ದ ಬಸ್ರಿ, ಕೇಳುದ್ರೆ ಇಲ್ಲ ಅನ್ನದೆ ಏನ್ ಮಾಡಾತು ಪಾಪ. ಒಂದ್ ಸುಳ್ಳು ಆಗ್ಲೇ ಏಳ್ಬುಟ್ಟದೆ, ಇನ್ನೊಂದ್ನ ನಾನ್ಯಾಕ್ ಏಳುಸ್ಲಿ ಅಂದ್ರು."

ಸೆರಗಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡರು. ಡಾಕ್ಟರು ಕಣ್ಣು ಮುಟ್ಟಬಾರದು ಎಂದಿದ್ದರು. ಬೇಡ ಎನ್ನಬೇಕೆಂದು ನನಗೆ ಹೊಳೆಯಲಿಲ್ಲ.

ಇಷ್ಟು ವರ್ಷ ನನಗೊಂದು ಆಸರೆಯಿತ್ತು. ಅವರು ಕೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ, ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ. ಈಗ ಅದೂ ಇಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೊಸಲಿನ ಆಚೆ ನಿಂತು, ಕೂಸು ನಿದ್ದೆ ಮಾಡ್ತದಾ ಎಂದು ಕೇಳಿ ಹೋದರು. ಅಂಥ ಮನುಷ್ಯ ಇನ್ನು ಸಿಗುವುದಿಲ್ಲ. ಸಿಕ್ಕಾಗ ನಾನು ಹೀಗೆ ಮಾಡಿದೆ.

ಮಗಳು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ನನ್ನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು.

"ಏನಾಯ್ತಮ್ಮ?" ಎಂದಳು.

"ಏನೂ ಇಲ್ಲ, ಹೋಗು," ಎಂದೆ.